ತಿರುಗಿ ಕೂತ ನಾನೂರ ಹನ್ನೆರಡು ಫಲಕಗಳು

ಗದಗ
ಫೆಬ್ರುವರಿ 30, 2174

ವಾಸ್ತುಶಿಲ್ಪಿ ಗುರುನಾಥ ಜಾಲಿಹಾಳ ಅವರಿಗೆ,

ಮೇಲಿನ ತಾರೀಖು ತಪ್ಪಲ್ಲ. ನಮ್ಮಲ್ಲಿ ಪ್ರತಿ ತಿಂಗಳಿಗೂ ಮೂವತ್ತೇ ದಿನ, ಉಳಿದವು ವರ್ಷದ ಕೊನೆಗೆ ಹಬ್ಬದ ರಜೆ. ಈ ಪತ್ರದ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆ ಇರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ.

ಇದು ಹಿಂದಂಚೆಯಲ್ಲಿ ಬಂದಿದೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಈ ಅಂಚೆಯಲ್ಲಿ ಒಬ್ಬರಿಗೆ ಜೀವಮಾನಕ್ಕೆ ಒಂದೇ ಪತ್ರದ ಅವಕಾಶ. ನಮ್ಮ ಜಿಲ್ಲೆಯಿಂದ ಈವರೆಗೆ ಮೂವತ್ತೊಂದು ಪತ್ರಗಳು ಹೋಗಿವೆ. ಅವುಗಳಿಂದ ಏನಾದರೂ ಬದಲಾಯಿತೇ ಎಂಬುದು ಖಚಿತವಿಲ್ಲ. ಆದರೂ ನನ್ನ ಒಂದೇ ಅವಕಾಶವನ್ನು ನಿಮ್ಮಂಥವರ ಮೇಲೆ ಖರ್ಚು ಮಾಡುತ್ತಿದ್ದೇನೆ. ನಾನು ನೀಲಾಂಬಿಕಾ ಹೊಳೆಆಲೂರ, ನಗರಸಭೆಯಲ್ಲಿ ಕಟ್ಟಡದ ಮಾದರಿಗಳನ್ನು ಪರೀಕ್ಷಿಸುವವಳು.

ಇಲ್ಲಿ ಮಾರ್ಚ್ 19ಕ್ಕೆ ಬಿಸಿಲುಬಂದಿ ಆರಂಭವಾಗುತ್ತದೆ. ಅಂದಿನಿಂದ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ ಎಪ್ಪತ್ತು ದಾಟಿದವರು ತಮ್ಮ ಮನೆಗಳಲ್ಲಿ ಇರುವಂತಿಲ್ಲ, ಏಕೆಂದರೆ ಆ ಸೂರುಗಳ ಕೆಳಗೆ ಬದುಕುಳಿಯುವುದು ಕಷ್ಟ. ಅವರಿಗಾಗಿ ಓಣಿಗೊಂದು ತಂಪುಗೂಡು ಇರುತ್ತದೆ, ಅಂದರೆ ದೊಡ್ಡ ಕಮಾನಿನ ಸಭಾಂಗಣ. ಅದರ ಚಾವಣಿಯ ತ್ರಿಕೋಣ ಫಲಕಗಳಿಗೆ ಬಿಸಿಲನ್ನು ಹಿಂದಕ್ಕೆ ಅಟ್ಟುವ ಬಿಳಿ ಮುಖ ಒಂದು, ಶಾಖ ಹೀರುವ ಕರಿ ಮುಖ ಇನ್ನೊಂದು. ಕಟ್ಟುವುದು ಕಟ್ಟುಗ ಎಂಬ ಯಂತ್ರ. ಹೊಸ ನಕ್ಷೆಗೆ ಅನುಮತಿ ಸಿಗಲು ಆರು ವರ್ಷ ಬೇಕು, ನೂರು ವರ್ಷ ದಾಟಿದ ನಕ್ಷೆಗೆ ಅನುಮತಿಯೇ ಬೇಡ. ಹಾಗಾಗಿ ನಮ್ಮ ಓಣಿಯವರು ಹಳೆಯ ಕಡತಗಳಲ್ಲಿ ಹುಡುಕಿ, 2026ರಲ್ಲಿ ನೀವು ಹೂವಿನ ಮಾರುಕಟ್ಟೆಗೆಂದು ಮಾಡಿದ ಚಾವಣಿಯನ್ನು ಆರಿಸಿದರು. ಚಿತ್ರ ಚೆನ್ನಾಗಿತ್ತು. ನಮ್ಮ ಸಮಿತಿ ಚಿತ್ರವನ್ನಷ್ಟೇ ನೋಡಿ ಒಪ್ಪಿತು. ಕಡತ ನನ್ನ ಮೇಜಿಗೆ ಬರಲೇ ಇಲ್ಲ. ಅವರಿಗೆ ಬೇರೆ ಪತ್ರ ಬರೆದಿದ್ದೇನೆ, ಅದು ಇದಕ್ಕಿಂತ ಮೆದುವಾಗಿಲ್ಲ.

ಅಂಟು ಒಣಗುವವರೆಗೆ ಹಾಕಿದ್ದ ಮುಸುಕನ್ನು ಫೆಬ್ರುವರಿ 10ರಂದು ತೆಗೆದಾಗ ಉತ್ತರದ ಅರ್ಧ ಬೆಳ್ಳಗೆ, ದಕ್ಷಿಣದ ಅರ್ಧ ಕಪ್ಪಗೆ ಕಂಡಿತು. "ಎಮ್ಮೀನೋ ಆಕಳೋ ತಿಳೀವಲ್ದಲ್ಲೋ ಮಾರಾಯಾ" ಎಂದು ಯಾರೋ ನಗಾಡಿದರು. "ಸುಮ್ನಿರಪಾ, ಹಿಂದಿನ ಮಂದಿ ಡಿಸೈನು, ನಮಗೇನ್ ತಿಳೀತೈತಿ" ಎಂದು ಹಿರಿಯರೊಬ್ಬರು ಅವನ ಬಾಯಿ ಮುಚ್ಚಿಸಿದರು. ಎರಡು ದಿನದ ನಂತರ ಪರೀಕ್ಷೆಗೆಂದು ಅರವತ್ತು ವೃದ್ಧರನ್ನು ಒಳಗೆ ಕೂರಿಸಿದರು. ಮಧ್ಯಾಹ್ನ ಒಂದೂವರೆಗೆ ಹೊರಗೆ 38 ಡಿಗ್ರಿ, ಒಳಗೆ 44. ನಾಲ್ವರು ಪ್ರಜ್ಞೆ ತಪ್ಪಿದರು. ಅವರಲ್ಲಿ ನನ್ನನ್ನು ಸಾಕಿ ಬೆಳೆಸಿದ ದೊಡ್ಡವ್ವ ಗಂಗವ್ವ ಒಬ್ಬಳು, ವಯಸ್ಸು ಎಂಬತ್ತೊಂದು. ಆಸ್ಪತ್ರೆಯಿಂದ ಈಗ ಮನೆಗೆ ಬಂದಿದ್ದಾಳೆ. ಇನ್ನೊಮ್ಮೆ ಅಷ್ಟು ಶಾಖವನ್ನು ಅವಳ ಹೃದಯ ತಾಳುವುದಿಲ್ಲವೆಂದು ವೈದ್ಯೆ ಬರೆದುಕೊಟ್ಟಿದ್ದಾರೆ.

ಅಂದೇ ನಿಮ್ಮ ಕಡತ ತೆರೆದೆ. ಅದರ ಹೆಸರು 'ಫೈನಲ್ ಹೊಸದು ಇದೇ 3'. ಒಳಗೆ ನೀವೂ ನಿಮ್ಮ ಸಹೋದ್ಯೋಗಿ ಶಮೀಮಾ ಅವರೂ ಒಬ್ಬರಿಗೊಬ್ಬರು ಬರೆದ ಟಿಪ್ಪಣಿಗಳು ಹಾಗೆಯೇ ಇವೆ. ನವೆಂಬರ್ 11, ಸಂಜೆ 4.40.

"ಸರ್, ಚಿತ್ರಾ ರೆಂಡರ್ ಮಾಡಿದ್ರ ದಕ್ಷಿಣದ ಕಡೆ ಎಲ್ಲಾ ಕರೀ ತ್ರಿಕೋಣ ಕಾಣಾಕ ಹತ್ಯಾವ್ರಿ. ಮೆಶ್‌ನ ಮುಖ ಉಲ್ಟಾ ಆಗ್ಯಾವ."

"ಎರಡೂ ಮಗ್ಗಲಾ ತೋರ್ಸೋದು ಆನ್ ಮಾಡ್ರಿ ಶಮೀಮಾ. ನಾಳೆ ಹತ್ತಕ್ಕ ಮೀಟಿಂಗ್ ಐತಿ."

"ಅದು ಮುಚ್ಚಿದಂಗ ಆಗ್ತೈತ್ರಿ, ಸರಿ ಮಾಡಿದಂಗ ಅಲ್ಲ."

"ಕಟ್ಟಾಂವ ಗೌಂಡಿ, ಕಂಪ್ಯೂಟರ್ ಅಲ್ಲ. ಆಕಾಶ ಯಾವ ಕಡೆ ಐತಿ ಅಂತ ಗೌಂಡಿಗೆ ಗೊತ್ತಿರ್ತೈತಿ ಬಿಡ್ರಿ."

ಗೌಂಡಿಗೆ ಗೊತ್ತಿರುತ್ತಿತ್ತು, ನಿಜ. ಕಟ್ಟುಗಕ್ಕೆ ಗೊತ್ತಿಲ್ಲ. ಮೆಶ್‌ನ ಬಲೆಯಲ್ಲಿ ಪ್ರತಿ ತ್ರಿಕೋಣದ ಮೂರು ಮೂಲೆಗಳನ್ನು ಯಾವ ಕ್ರಮದಲ್ಲಿ ಬರೆದಿದೆ ಎಂದು ನೋಡಿ ಅದು ಹೊರಮುಖವನ್ನು ತೀರ್ಮಾನಿಸುತ್ತದೆ. ನೀವು ಅರ್ಧ ಚಾವಣಿಯನ್ನು ಮಾಡಿ, ಉಳಿದರ್ಧವನ್ನು ಕನ್ನಡಿ ಪ್ರತಿಯಾಗಿ ತೆಗೆದಿರಿ. ಕನ್ನಡಿಯಲ್ಲಿ ಆ ಕ್ರಮ ತಿರುವುಮುರುವಾಗುತ್ತದೆ. ಕಂಪ್ಯೂಟರು ಕಪ್ಪು ಬಣ್ಣದಲ್ಲಿ ಅದನ್ನೇ ಹೇಳುತ್ತಿತ್ತು, ಶಮೀಮಾ ಅವರೂ ಹೇಳಿದರು. ಎರಡೂ ಮಗ್ಗಲು ಒಂದೇ ಬಣ್ಣದಲ್ಲಿ ಕಾಣುವಂತೆ ಮಾಡಿ ನೀವು ಇಬ್ಬರ ಬಾಯನ್ನೂ ಮುಚ್ಚಿಸಿದಿರಿ. ಪರಿಣಾಮವಾಗಿ ನಾನೂರ ಹನ್ನೆರಡು ಫಲಕಗಳು ಬಿಳಿ ಮುಖವನ್ನು ಒಳಗೆ ಮಾಡಿ, ಕರಿ ಮುಖವನ್ನು ಸೂರ್ಯನಿಗೆ ಒಡ್ಡಿ ಕೂತಿವೆ.

ತಪ್ಪಾಗುವುದು ಸಹಜ. ನನ್ನ ಕೈಯಲ್ಲೂ ದಿನಕ್ಕೆ ಹತ್ತು ಮುಖ ತಿರುಗುತ್ತವೆ. ಗೊತ್ತಿದ್ದೂ ಮುಚ್ಚಿದ್ದು ತಪ್ಪಲ್ಲ, ಅಪರಾಧ.

ಪ್ರತಿ ಫಲಕ ತೊಂಬತ್ತು ಕಿಲೋ. ಎಲ್ಲವನ್ನೂ ಬಿಚ್ಚಿ ತಿರುಗಿಸಿ ಕೂರಿಸಲು ನಾಳೆಯಿಂದ ಇಪ್ಪತ್ತಾರು ದಿನ ಬೇಕು. ಬಿಸಿಲುಬಂದಿಗೆ ಉಳಿದಿರುವುದು ಹತ್ತೊಂಬತ್ತು. ಮೇಲೆ ಹೊದಿಸಲು ಬಿಳಿ ಬಟ್ಟೆ ತಂದೆವು, ಒಂದೇ ಗಾಳಿಗೆ ಹರಿದುಹೋಯಿತು. ಅಕ್ಕಪಕ್ಕದ ಓಣಿಗಳ ತಂಪುಗೂಡುಗಳು ನಮ್ಮ ಇನ್ನೂರ ಎಂಟು ವೃದ್ಧರಲ್ಲಿ ನೂರ ಎಪ್ಪತ್ತು ಜನರಿಗೆ ಜಾಗ ಕೊಟ್ಟಿವೆ. ಮೂವತ್ತೆಂಟು ಜನ ಉಳಿದಿದ್ದಾರೆ, ಅವರಿಗೆ ಈ ಕರಿ ಚಾವಣಿಯೇ ಗತಿ. ನಿನ್ನೆ ಚೀಟಿ ಎತ್ತಿದರು. ದೊಡ್ಡವ್ವನ ಹೆಸರು ಜಾಗ ಸಿಗದವರ ಪಟ್ಟಿಯಲ್ಲಿದೆ.

ಈ ಪತ್ರ ಅದೇ ನವೆಂಬರ್ 11ರ ಸಂಜೆ ಐದಕ್ಕೆ ನಿಮ್ಮ ಕೈ ಸೇರಬೇಕೆಂದು ಕೇಳಿಕೊಂಡಿದ್ದೇನೆ. ಕಡತ ಇನ್ನೂ ನಿಮ್ಮೆದುರು ತೆರೆದೇ ಇರುತ್ತದೆ. ಮೊದಲು ಎರಡೂ ಮಗ್ಗಲು ತೋರಿಸುವುದನ್ನು ಆಫ್ ಮಾಡಿ. ಕಪ್ಪು ಕಾಣಲಿ. ನೆತ್ತಿಯ ಸಾಲಿನಲ್ಲಿ ಒಂದರ ಮೇಲೊಂದು ಕೂತ ಜೋಡಿ ಫಲಕಗಳಿವೆ, ರೆಂಡರ್‌ನಲ್ಲಿ ಅಲ್ಲಿ ಮಿಣುಕುತ್ತಿರುವುದು ಅವೇ. ಪ್ರತಿ ಜೋಡಿಯಲ್ಲಿ ಒಂದನ್ನು ಅಳಿಸಿ. ಕನ್ನಡಿ ಪ್ರತಿ ತೆಗೆಯುವ ಹೆಜ್ಜೆಯ ಬೆನ್ನಿಗೇ ಮುಖ ತಿರುಗಿಸುವ ಹೆಜ್ಜೆ ಸೇರಿಸಿ. ಕೊನೆಯ ಮೆಶ್ ಹಿಡಿದು ಕೈಯಿಂದ ತಿರುಗಿಸಿದರೆ, ಕಮಾನುಗಳ ಸಂಖ್ಯೆ ಬದಲಿಸಿದ ಕೂಡಲೇ ಮತ್ತೆ ಉಲ್ಟಾ ಆಗುತ್ತದೆ. ಆಮೇಲೆ ಎರಡು ಅರ್ಧಗಳ ಅಂಚಿನ ಬಿಂದುಗಳನ್ನು ಬೆಸೆಯಿರಿ. ನಿಮ್ಮ ಕಡತದ ಪ್ರತಿಯ ಮೇಲೆ ನಾನೇ ಮಾಡಿ ನೋಡಿದೆ, ನಲವತ್ತು ನಿಮಿಷ ಸಾಕು. ನಿಮಗೆ ಬೇಸರವಾದರೆ ಎದ್ದು ಕುರ್ಚಿಯನ್ನು ಶಮೀಮಾ ಅವರಿಗೆ ಬಿಟ್ಟುಕೊಡಿ.

ಇಷ್ಟು ವಿವರ ಬರೆಯುವ ಮನಸ್ಸು ನನಗಿರಲಿಲ್ಲ. ಬರೀ ಬೈಗುಳದ ಎರಡು ಪುಟ ಬರೆದು ದೊಡ್ಡವ್ವನಿಗೆ ಓದಿ ಹೇಳಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡಳು. "ಚೊಲೋ ಬೈದೀಯವ್ವಾ. ಆದ್ರ ಅವನ ಕೈಯಾಗ ಕೆಲಸಾ ಕೊಡಲಿಲ್ಲ ನೀ. ಬೈಸ್ಕೊಂಡಾಂವ ಬಾಗಿಲಾ ಹಾಕ್ಕೊಂಡು ಮಲಗ್ತಾನ, ನಾ ಇಲ್ಲಿ ಬೇಯತೀನಿ" ಎಂದಳು. ಆ ಎರಡು ಪುಟಗಳನ್ನು ಹರಿದು ಇದನ್ನು ಬರೆದೆ.

ನೀಲಾಂಬಿಕಾ ಹೊಳೆಆಲೂರ