ಹುಂಜಕ್ಕೆ ತಕ್ಕ ಅಲಗು

ಎಮಿನೆನ್ಸ್, ಮಿಸೌರಿ
ಏಪ್ರಿಲ್ ೨೪

ಮೊಂಡ ಡೆಲ್ಮರ್‌ಗೆ,

ನಿನ್ನ ಸಿಟ್ಟು ಇಳಿದಿದೆಯೋ ಇಲ್ಲವೋ, ನನ್ನದು ಇಂದು ಬೆಳಿಗ್ಗೆ ಇಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ. ಭುಜದ ಆಪರೇಷನ್ ಆದಮೇಲೆ ನಾನು ಬಿಲ್ಲು ಹಿಡಿದು ಕಾಡಿನ ಟರ್ಕಿ ಕೋಳಿಯ ಬೇಟೆಗೆ ಹೋಗಕೂಡದು, ಸೋತ ತೋಳಿನ ಬಾಣ ಹುಂಜವನ್ನು ಕೊಲ್ಲುವುದಿಲ್ಲ, ಪೊದೆಯಲ್ಲಿ ನರಳಿ ಸಾಯಲು ಬಿಡುತ್ತದೆ ಎಂದು ನೀನು ಹೇಳಿದ್ದೆ. ಹಾಗೇನಾದರೂ ಆದರೆ ಮತ್ತೆ ಬಿಲ್ಲು ಮುಟ್ಟುವುದಿಲ್ಲ ಎಂದು ನಾನೂ ಅಂದೆ. ಮಾತಿಗೆ ಮಾತು ಬೆಳೆದು ನೀನು ಅರ್ಕಾನ್ಸಾಸಿನ ನಿನ್ನ ಅಣ್ಣನ ಮನೆ ಸೇರಿದೆ.

ಆದರೂ ಹೋದ ವಾರ ಅಂಚೆಯಲ್ಲಿ ಬಾಣದ ಅಲಗು ಕಳಿಸಿದ್ದೀಯಲ್ಲ! ಜೊತೆಗೆ ಒಂದು ಸಾಲು ಬರೆದಿದ್ದರೆ ಕೈ ಸವೆಯುತ್ತಿತ್ತೇ? ತಾಗಿದೊಡನೆ ಬಿಚ್ಚಿಕೊಳ್ಳುವ ದೊಡ್ಡ ಅಲಗು. ನಿನಗೆ ಯಾವಾಗಲೂ ದೊಡ್ಡದೇ ಆಗಬೇಕು. ಪಕ್ಕದ ಮನೆಯ ಕಾರ್ಲಿಸ್ ಇನ್ನೊಂದು ತಂದ, ಕತ್ತನ್ನೇ ಹಾರಿಸುವಂಥದ್ದು.

"ಕತ್ತಿಗೇ ಗುರಿ ಇಡಕ್ಕ. ತಾಗಿದ್ರೆ ಅಲ್ಲೇ ಖತಂ, ತಪ್ಪಿದ್ರೆ ಹಕ್ಕಿಗೆ ಒಂದು ಗೀರೂ ಬೀಳಲ್ಲ," ಎಂದ.

ಹುಂಜದ ತಲೆ ಒಂದು ಗಳಿಗೆ ಅಲುಗದೆ ನಿಂತದ್ದನ್ನು ಅವನು ಯಾವಾಗ ಕಂಡನೋ! ಕಾಫಿ ಕುಡಿಸಿ ಕಳಿಸಿದೆ.

ಹೋದ ವರ್ಷದ ಹುಂಜದ ಗರಿಯನ್ನು ಚೀಲಕ್ಕೆ ತುಂಬಿ, ಹಿಂದೆ ಹಸಿ ಜೇಡಿಮಣ್ಣಿಟ್ಟು, ಕೊಟ್ಟಿಗೆಯ ಗೋಡೆಗೆ ಒರಗಿಸಿ ಬಾಣ ಬಿಟ್ಟೆ. ನಿನ್ನ ಅಲಗು ಗರಿಯಲ್ಲೇ ಬಿಚ್ಚಿಕೊಂಡು, ಅಲ್ಲೇ ಸುಸ್ತಾಗಿ, ಮಣ್ಣನ್ನು ಮುಟ್ಟಿ ಬಿದ್ದುಬಿಟ್ಟಿತು. ನಿನ್ನ ಬಿರುಸು ಬಿಲ್ಲಿಗೆ ಅದು ಸರಿ ಮಾರಾಯ, ನನ್ನ ಹಗುರ ಬಿಲ್ಲಿಗಲ್ಲ. ಕೊನೆಗೆ ಬಿಚ್ಚುವ ಗೊಡವೆಯಿಲ್ಲದ, ತುದಿಯಿಂದಲೇ ಕೊಯ್ಯುವ ಸಣ್ಣ ಅಲಗನ್ನು ಆರಿಸಿದೆ. ಅದು ಮಣ್ಣಿನಾಳಕ್ಕೆ ಇಳಿಯಿತು. ಆದರೆ ಅಷ್ಟು ಸಣ್ಣ ಅಲಗಿಗೆ ಗುರಿ ಒಂದಿಷ್ಟೂ ಆಚೀಚೆ ಆಗುವಂತಿಲ್ಲ. ರಾತ್ರಿಯೆಲ್ಲ ಅದೇ ಭಯ.

ಇಂದು ಬೆಳಿಗ್ಗೆ ಡಾಗ್‌ವುಡ್ ಮರಗಳು ಹೂಬಿಟ್ಟ ಇಳಿಜಾರಿನಲ್ಲಿ ಮರೆಯಾಗಿ ಕೂತು ಹೇಂಟೆಯ ದನಿಯಲ್ಲಿ ಕರೆದೆ. ಅಯ್ಯೋ ಡೆಲ್ಮರ್, ಆ ಹುಂಜ ಬಂದ ಬಗೆಯೇ! ಅವನೆದೆಯ ಗುಡುಗು ಕಿವಿಗೆ ಬೀಳುವ ಮೊದಲು ನನ್ನ ಪಕ್ಕೆಲುಬಿಗೆ ತಾಗಿತು. ಬಾಲ ಬಿಚ್ಚಿದಾಗ ಬಿಸಿಲು ಗರಿಗರಿಯಲ್ಲೂ ಹಾದು ತಾಮ್ರದಂತೆ ಹೊಳೆಯಿತು. ತಲೆ ಕೆಂಪಾಯಿತು, ಬಿಳಿಯಾಯಿತು, ನೀಲಿಯಾಯಿತು. ಎಷ್ಟು ವರ್ಷದಿಂದ ನೋಡುತ್ತಿದ್ದೇನೆ, ಆದರೂ ಬಿಲ್ಲೆತ್ತುವುದನ್ನೇ ಮರೆತೆ. ಇಂಥ ಜೀವವನ್ನು ಅರೆಬರೆ ಗಾಯ ಮಾಡಿ ಬಿಟ್ಟರೆ ನಾನು ಮನುಷ್ಯಳೇ ಅಲ್ಲ ಅನ್ನಿಸಿತು.

ಎದುರಿಗೆ ನಿಂತಾಗ ಬಾಣ ಬಿಡಲಿಲ್ಲ. ಪಕ್ಕಕ್ಕೆ ತಿರುಗಿದಾಗಲೂ ಬಿಡಲಿಲ್ಲ. ಉಬ್ಬಿದ ಮೈಯಲ್ಲಿ ಅರ್ಧ ಬರೀ ಗಾಳಿ ಎಂದು ಹೇಳಿಕೊಟ್ಟವನು ನೀನೇ. ಅವನು ಬೆನ್ನು ತಿರುಗಿಸಿದ. ಬಿಚ್ಚಿದ ಬಾಲ ಅವನ ಕಣ್ಣಿಗೇ ಅಡ್ಡ ಬಂತು. ಆಗ ಹೆದೆ ಎಳೆದೆ. ಭುಜ ಉರಿದುಹೋಯಿತು. ಬಾಲದ ಬುಡಕ್ಕೆ ಗುರಿ ನೋಡಿ ಬಾಣ ಬಿಟ್ಟೆ. ಅವನು ಒಮ್ಮೆ ಜಿಗಿದು, ರೆಕ್ಕೆ ಹರಡಿ, ಉದುರಿದ ಹೂಗಳ ಮೇಲೆ ಒರಗಿದ. ಒದ್ದಾಡಲಿಲ್ಲ. ಹತ್ತಿರ ಹೋಗಿ ಎದೆಯ ಮೇಲೆ ಕೈಯಿಟ್ಟೆ, ಇನ್ನೂ ಬೆಚ್ಚಗಿತ್ತು. ಅತ್ತುಬಿಟ್ಟೆ ಕಣೋ. ಗೆದ್ದೆ ಎಂದಲ್ಲ, ಇಷ್ಟು ಚೆಲುವು ನಮ್ಮ ಬೆಟ್ಟದಲ್ಲಿ ನಡೆದಾಡುತ್ತದಲ್ಲ ಎಂದು.

ಬಿಲ್ಲು ಗೋಡೆಯ ಮೇಲೆ ತನ್ನ ಜಾಗದಲ್ಲೇ ಇದೆ. ಮುಂದಿನ ಬೇಟೆಯವರೆಗೆ ಅಲ್ಲೇ ಇರುತ್ತದೆ.

ಇನ್ನೂ ನಿನ್ನ ಹೆಂಡತಿಯೇ ಆಗಿರುವ,
ಓಲೀಟಾ

ಮರೆತ ಮಾತು: ಮರೆತದ್ದಲ್ಲ, ಮುಚ್ಚಿಟ್ಟದ್ದು. ಬಾಣ ಬಿಟ್ಟಮೇಲೆ ನನ್ನ ತೋಳು ಏಳಲೇ ಇಲ್ಲ. ಆ ಭಾರದ ಹುಂಜವನ್ನು ಹೆಗಲಿಗೇರಿಸಲಾಗದೆ, ಬಿಸಿಲೇರುವವರೆಗೆ ಅದರ ಪಕ್ಕದಲ್ಲೇ ಕೂತಿದ್ದೆ. ನೀನು ಇಲ್ಲಿಲ್ಲ ಎಂಬುದೇ ಮರೆತು ನಿನ್ನ ಹೆಸರು ಹಿಡಿದು ಕೂಗಿದೆ. ಆ ಕೂಗಿಗೆ ಬಂದು ಹೊತ್ತವನು ಕಾರ್ಲಿಸ್. ಕೊಲ್ಲುವುದಕ್ಕೆ ನೀನು ಬೇಕಿಲ್ಲ ಡೆಲ್ಮರ್. ಹೊರುವುದಕ್ಕೆ ಬೇಕು. ಬಾ.