ಬೆರಳಗಲ ಗಡ್ಡ

ಜಗಳೂರು
14–3–1979, ಬುಧವಾರ

ನನ್ನ ರುದ್ರಾಣಿಗೂ, ಅವಳ ಮಗ್ಗುಲಲ್ಲಿ ಮಲಗಿರುವ ಇನ್ನೂ ಹೆಸರಿಲ್ಲದ ಪುಟ್ಟವ್ವನಿಗೂ,

ಮೊದಲು ಕನಸಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ಸೋಮವಾರ ರಾತ್ರಿ ಬಿದ್ದದ್ದು. ಮುಖಕ್ಕೆಲ್ಲ ಸೋಪು ಹಚ್ಚಿಕೊಂಡು ಅಪ್ಪನ ಕತ್ತಿಯಲ್ಲಿ ಕ್ಷೌರ ಮಾಡಿಕೊಳ್ಳುತ್ತಿದ್ದೆ. ನೊರೆ ತೆಗೆದಂತೆಲ್ಲ ಕೆಳಗೆ ಕೆನ್ನೆಯೂ ಇಲ್ಲ, ಗದ್ದವೂ ಇಲ್ಲ. ನೀನು ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತು, "ಯಾರು ಬೇಕಾಗಿತ್ರೀ?" ಎಂದೆ. ಬೆವರಿ ಎದ್ದು ಗಡ್ಡ ಮುಟ್ಟಿ ನೋಡಿಕೊಂಡೆ. ಇತ್ತು.

ಅಪ್ಪನ ಕತ್ತಿ ಯಾವುದು ಅಂತೀಯ. ಹುಟ್ಟಲಿರುವ ಕೂಸಿಗೆ ಮೆತ್ತನೆಯ ಬಟ್ಟೆ ಬೇಕು ಅಂತ ಅವ್ವ ಹಳೇ ಟ್ರಂಕು ತೆಗೆಸಿದಾಗ ಸಿಕ್ಕಿತು. ಮೂಳೆಯ ಹಿಡಿಯೊಳಗೆ ಮಡಚಿಕೊಳ್ಳುವ ಕ್ಷೌರದ ಕತ್ತಿ, ಅಲಗಿನ ತುಂಬ ತುಕ್ಕು. ನಾಳೆ ನಿನ್ನ ಹೆರಿಗೆ ಸುದ್ದಿ ಬಂದ ಮೇಲೆ ಇದರಲ್ಲೇ ಗಡ್ಡ ತೆಗೆಯಬೇಕು ಅಂತ ಆಗಲೇ ಅನ್ನಿಸಿತು. ನಿನ್ನ ಬಸುರಿಗೆಂದು ಬಿಟ್ಟ ಗಡ್ಡ ಅಲ್ಲವೇ. ಹೋದ ಸಲ ನಾನು ರೇವಣ್ಣನ ಮದುವೆಗೆಂದು ಗಡ್ಡ ತೆಗೆಸಿದ್ದು, ಸ್ವಲ್ಪ ದಿನಕ್ಕೇ ಹೊಟ್ಟೆಯಲ್ಲಿದ್ದದ್ದು ನಿಲ್ಲದೆ ಹೋಗಿದ್ದು, "ಬಸುರಿ ಗಂಡ ಮುಖಕ್ಕೆ ಕತ್ತಿ ಮುಟ್ಟಿಸ್ಕೊಂಡ್ರೆ ಇನ್ನೇನಾಗ್ತೈತೆ" ಎಂದು ಅವ್ವ ಅಂದದ್ದು ನಿನಗೆ ಗೊತ್ತೇ ಇದೆ. ಗಿರಣಿಯ ಸದ್ದಿನಲ್ಲಿ ಗಿರಾಕಿ ಕೂಗಿದ್ದು ಕೇಳಿಸದ ನನಗೆ ಆ ಮಾತು ಮಾತ್ರ ದಿನಾ ಕೇಳಿಸುತ್ತಿತ್ತು.

ಕತ್ತಿ ಕೆಲಸ ಮೊದಲ ದಿನವೇ ಎಡವಟ್ಟು. ಹಿಟ್ಟಿನ ಗಿರಣಿಯವನಿಗೆ ಕಲ್ಲಿಗೇನು ಬರ ಎಂದು ಬೀಸುವ ಕಲ್ಲಿನ ಒಡಕು ಚೂರಿನ ಮೇಲೆ ತಿಕ್ಕಿದೆ. ಅಲಗು ಗರಗಸವಾಯಿತು. ಕಟಿಂಗ್ ಅಂಗಡಿಯ ಸಣ್ಣತಿಮ್ಮಪ್ಪನಿಗೆ ಒಯ್ದು ತೋರಿಸಿದರೆ ಬಿದ್ದು ಬಿದ್ದು ನಕ್ಕ.

"ಇದರಾಗೆ ಗಡ್ಡ ತೆಗೀತೀಯೋ, ಹುಣಸೆ ಮರ ಕುಯ್ತೀಯೋ ಬಸಣ್ಣ?"

"ಆಮ್ಯಾಲೆ ನಗುವಂತೆ, ಹೆಂಗೆ ಮಾಡಾದು ಅಂತ ಹೇಳಪ್ಪ."

ಹೇಳಿಕೊಟ್ಟ. ತುಕ್ಕನ್ನು ಸೀಮೆಎಣ್ಣೆಯಲ್ಲಿ ನೆನೆಸಿ ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಬೇಕು, ಅವಸರ ಮಾಡಬಾರದು. ನೀರು ಹಾಕಿದ ಸಾಣೆಕಲ್ಲಿನ ಮೇಲೆ ಅಲಗನ್ನು ಮಲಗಿಸಿಯೇ ಮಸೆಯಬೇಕು, ಕತ್ತಿಯ ಬೆನ್ನು ಕಲ್ಲು ಬಿಟ್ಟು ಏಳಬಾರದು. ಕೊನೆಗೆ ಚರ್ಮದ ಮೇಲೆ ಎಳೆಯುವುದು. ಗಿರಣಿಯ ಹಳೇ ಬೆಲ್ಟಿನ ತುಂಡನ್ನು ಕಿಟಕಿ ಸರಳಿಗೆ ಕಟ್ಟಿಕೊಂಡೆ. ಅದರ ಮೇಲೆ ಕತ್ತಿಯ ಬೆನ್ನು ಮುಂದೆ ಹೋಗಬೇಕು, ಹರಿತ ಹಿಂದೆ ಬರಬೇಕು. ನಾನು ತಿರುಗಾಮುರುಗಾ ಎಳೆದು ಬೆಲ್ಟನ್ನೇ ಸೀಳಿದೆ. "ಬೆಲ್ಟಿಗೆ ಕ್ಷೌರ ಆತು, ಇನ್ನು ನಿಂದೇ ಸರದಿ" ಎಂದ ಪುಣ್ಯಾತ್ಮ. ಹಟ ಬಿಡದೆ ದಿನಾ ಸಂಜೆ ಅದನ್ನೇ ಹಿಡಿದು ಕುಳಿತೆ. ಕೈಗೆ ಕೆಲಸವಿದ್ದರೆ ನಿನ್ನ ಚಿಂತೆ ಒಂದಿಷ್ಟು ತಪ್ಪುತ್ತಿತ್ತು.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಕನ್ನಡಿ ಮುಂದೆ ಕತ್ತಿ ಹಿಡಿದು ನಿಂತಿದ್ದಾಗ ಕೈ ಜಾರಿತು. ಬಲಗಿವಿಯ ಕೆಳಗೆ ಬೆರಳಗಲ ಗಡ್ಡ ಮಾಯ. ಗಾಯವಿಲ್ಲ, ಉರಿಯಿಲ್ಲ, ಬೆಣ್ಣೆ ತೆಗೆದ ಹಾಗೆ ಬಂದಿತ್ತು. ನಿನಗೆ ದಿನ ತುಂಬಿದೆ, ನಾನು ಹೀಗೆ ಮಾಡಿಕೊಂಡೆ, ಅದೂ ಸೋಮವಾರ. ಟವಲ್ಲು ಸುತ್ತಿಕೊಂಡು ಊಟಕ್ಕೆ ಕುಳಿತೆ. ಅವ್ವ ಸುಮ್ಮನಿರುತ್ತಾಳೆಯೇ? ಎಳೆದೇಬಿಟ್ಟಳು. ಕತ್ತಿ ಜಾರಿತು ಅಂತ ಹೇಳಿ ತಟ್ಟೆಯ ಮುಂದೆಯೇ ಅತ್ತುಬಿಟ್ಟೆ. ಬೈಯುತ್ತಾಳೆ ಅಂದುಕೊಂಡಿದ್ದೆ.

"ಅಳಬ್ಯಾಡ ಸುಮ್ಕಿರು. ಆವತ್ತು ಕೂಸು ಹೋದ ಸಂಕಟ ಯಾರ ಮ್ಯಾಲಾದ್ರೂ ಹಾಕಬೇಕಾಗಿತ್ತು ನನಗೆ, ನಿನ್ನ ಗಡ್ಡದ ಮ್ಯಾಲೆ ಹಾಕಿದೆ. ಗಡ್ಡಕ್ಕೂ ಕೂಸಿಗೂ ಎಲ್ಲಿ ಸಂಬಂಧನೋ ಮಂಕೆ" ಎಂದಳು.

ಹಾಗಂದವಳು ತಾನೂ ಉಣ್ಣಲಿಲ್ಲ, ದೇವರ ಮುಂದೆ ಹೋಗಿ ಕುಳಿತಳು. ಆ ಮಾತನ್ನು ನಿನಗೂ ತಿಳಿಸು ಅಂತ ಅವಳೇ ಹೇಳಿದ್ದಾಳೆ.

ಮರುದಿನ ಮಧ್ಯಾಹ್ನ ನಿನ್ನ ತಮ್ಮ ಹಾಲಸ್ವಾಮಿ ನ್ಯಾಮತಿಯಿಂದ ಬಂದವನು ಸೀದಾ ಗಿರಣಿಗೇ ಬಂದ. ಗಿರಣಿ ಓಡುತ್ತಿತ್ತು, ಅವನು ಬಾಯಿ ಆಡಿಸುವುದಷ್ಟೇ ಕಾಣುತ್ತಿತ್ತು. ಜೀವ ಬಾಯಿಗೆ ಬಂತು. ಗಿರಣಿ ನಿಲ್ಲಿಸಿದ ಮೇಲೆ, "ಭಾವಾ, ಹೆಣ್ಣು ಕಣ್ರೀ! ಅಕ್ಕನೂ ಚೆನ್ನಾಗೈದಾಳೆ, ಬಾಯಿ ತೆಗೀರಿ!" ಎಂದು ಸಕ್ಕರೆ ತುಂಬಿದ. ಅರ್ಧ ಸಕ್ಕರೆ ಗಡ್ಡಕ್ಕೇ ಬಿತ್ತು. ಅಲ್ಲೇ ಜೋಳದ ಚೀಲದ ಮೇಲೆ ಕುಸಿದು ಕುಳಿತೆ.

ಮಂಗಳವಾರ ಬೇಡವೆಂದು ಇವತ್ತು ಬೆಳಿಗ್ಗೆ ಕ್ಷೌರ ಮಾಡಿಕೊಂಡೆ. ಉದ್ದದ್ದನ್ನು ಕತ್ತರಿಯಲ್ಲಿ ಕತ್ತರಿಸಿ, ಬಿಸಿನೀರಿನ ಬಟ್ಟೆ ಒತ್ತಿ, ಸೋಪು ಹಚ್ಚಿ, ಚರ್ಮ ಬಿಗಿ ಹಿಡಿದು, ಕೂದಲು ಮಲಗಿದ ಕಡೆಗೇ ಮೆಲ್ಲಗೆ ಎಳೆದೆ. ಗದ್ದದ ತಿರುವಿನಲ್ಲಿ ಒಂದೇ ಹನಿ ರಕ್ತ ಬಂತು, ಪಟಿಕದ ಹರಳು ಒತ್ತಿದೆ, ನಿಂತಿತು. ಮುಖಕ್ಕೆ ಗಾಳಿ ತಾಗಿದ್ದೇ ನಗು ಬಂತು. ಎಷ್ಟು ದಿನವಾಗಿತ್ತೋ.

ಭಾನುವಾರ ಅವ್ವನನ್ನು ಕರೆದುಕೊಂಡು ಬರುತ್ತೇನೆ. ಬಾಗಿಲಲ್ಲಿ ಯಾರು ಬೇಕಾಗಿತ್ರೀ ಅಂತ ಮಾತ್ರ ಕೇಳಬೇಡ. ತಣ್ಣೀರು ಮುಟ್ಟಬೇಡ, ಕಿವಿಗೆ ಬಟ್ಟೆ ಕಟ್ಟಿಕೋ.

ನುಣ್ಣನೆಯ ಮುಖದ ನಿನ್ನವನು,
ಕೊಟ್ರಬಸಪ್ಪ

ಬಿಟ್ಟುಹೋದದ್ದು: ಮೇಲೆ ಕೈ ಜಾರಿತು ಎಂದು ಬರೆದಿದ್ದೇನಲ್ಲ, ಜಾರಲಿಲ್ಲ. ಹರಿತ ಬಂತೋ ಇಲ್ಲವೋ ನೋಡುವ ಆಸೆ ತಡೆಯಲಾಗದೆ ನಾನೇ ಎಳೆದೆ. ಅವ್ವನಿಗೆ ಹೇಳಬೇಡ. ಕೂಸು ಯಾವಾಗ ಹುಟ್ಟಿತು ಎಂದರೆ ಹಾಲಸ್ವಾಮಿ "ಸೋಮವಾರ ಸಂಜೆ" ಅನ್ನುತ್ತಾನೆಯೇ ಹೊರತು ಹೊತ್ತು ಸರಿಯಾಗಿ ಹೇಳುವುದಿಲ್ಲ. ದೀಪ ಹಚ್ಚುವುದಕ್ಕೆ ಮುಂಚೆಯೋ, ಹಚ್ಚಿದ ಮೇಲೋ? ಯಾವಾಗಲಾದರೂ ಸರಿ, ನೀವಿಬ್ಬರೂ ಚೆನ್ನಾಗಿದ್ದೀರಿ, ನನಗೆ ಅಷ್ಟು ಸಾಕು. ಆದರೂ ನಿಮ್ಮವ್ವನನ್ನು ಇನ್ನೊಂದು ಸಲ ಕೇಳಿ ನೋಡು.