ಗುಲಾಬಕ್ಕನ ಹೆಸರು ತೆಗೆಸಿದ್ದು ಯಾರು

ಸರೋಜಿನಿ ಟೀಚರಿಗೆ, ಕಾಪು ಪೇಟೆಯ ಜೆರಾಕ್ಸ್ ಅಂಗಡಿಯಿಂದ ನಿಮ್ಮ ಜಯಂತಿ.

ಕರಡು ಮತದಾರರ ಪಟ್ಟಿ ಹಿಡಿದುಕೊಂಡು ನೀವು ನನ್ನ ಅಂಗಡಿಗೆ ಬಂದ ಬೆಳಿಗ್ಗೆಯಿಂದಲೇ ಶುರು ಮಾಡುತ್ತೇನೆ. ನಿವೃತ್ತಿಯಾಗಿ ಮೂರು ವರ್ಷವಾಗಿತ್ತು. ಶಾಲೆಯಲ್ಲಿದ್ದಾಗ ಬಿಎಲ್‌ಒ ಆಗಿ ಮತದಾರರ ಹೆಸರು ಬರೆದುಕೊಳ್ಳಲು ಮನೆ ಮನೆ ಸುತ್ತಿದ್ದವರಲ್ವಾ, ಪಟ್ಟಿ ಬಂದರೆ ಓದದೆ ಇರಲು ನಿಮ್ಮಿಂದ ಆಗುತ್ತಿರಲಿಲ್ಲ. ನನ್ನ ಕೌಂಟರಿನ ಮೇಲೆ ಹಾಳೆ ಹರಡಿ, ಬೆರಳಿಟ್ಟು ಕೆಳಗಿಳಿಯುತ್ತಾ ಒಂದು ಕಡೆ ನಿಂತಿರಿ. "ಜಯಂತಿ, ಗುಲಾಬಕ್ಕ ಎಲ್ಲಿ?" ಎಂದಿರಿ. ಗುಲಾಬಕ್ಕ ಆಗ ಮೀನು ಮಾರ್ಕೆಟಿನಲ್ಲಿ ಬಂಗುಡೆ ಮಾರುತ್ತಾ ಕುಳಿತಿದ್ದರು. ತೆಗೆದುಹಾಕಿದವರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ 'ಸ್ಥಳಾಂತರ' ಎಂದಿತ್ತು. "ಸ್ಥಳಾಂತರ ಅಂತೆ! ಕಾರ್ಕಳಕ್ಕೆ ಮಗಳ ಮನೆಗೆ ಹೋದರೂ ಸಂಜೆ ಬಸ್ಸಿಗೆ ವಾಪಸ್ ಬರುವ ಹೆಂಗಸು ಮಾರಾಯ್ತಿ ಅವಳು" ಎಂದಿರಿ. ನೀವು ನಗಲಿಲ್ಲ. ಅದೇ ಓಣಿಯ ಇನ್ನೂ ಹದಿನೆಂಟು ಹೆಸರು ಹೋಗಿದ್ದವು. ಎಲ್ಲವೂ ನೀವು ಅಂಗಳಕ್ಕೆ ಇಳಿದು ನೀರು ಕುಡಿದ ಮನೆಗಳು.

ತಾಲೂಕು ಕಚೇರಿಯ ಚುನಾವಣಾ ಶಾಖೆಗೆ ನಿಮ್ಮ ಜೊತೆ ನಾನೂ ಬಂದಿದ್ದೆ. ಗುಮಾಸ್ತರು ಒರಟಾಗಿ ಮಾತಾಡಲಿಲ್ಲ, ಕುರ್ಚಿಯನ್ನೂ ಕೊಟ್ಟರು. "ಪಟ್ಟಿ ಬೇಕಾದರೆ ಉಂಟು ಟೀಚರ್. ತೆಗೆಯಲಿಕ್ಕೆ ಅರ್ಜಿ ಕೊಟ್ಟದ್ದು ಯಾರು ಅಂತ ಹೇಳಲಿಕ್ಕೆ ಬರುವುದಿಲ್ಲ" ಎಂದರು. ನೀವು ಮೆಲ್ಲಗೆ ಕೇಳಿದಿರಿ, "ಇವಳು ಈ ಊರಲ್ಲಿ ಇಲ್ಲ ಅಂತ ಯಾರೋ ಬರೆದುಕೊಡಬಹುದು. ಹಾಗೆ ಬರೆದದ್ದು ಯಾರು ಅಂತ ನಾವು ಕೇಳಬಾರದಾ?" ಅವರು ಪೆನ್ನಿನ ಮುಚ್ಚಳ ಹಾಕಿದರು. ಮಾಹಿತಿ ಹಕ್ಕಿನ ಅರ್ಜಿಗೂ ಅದೇ ಉತ್ತರ: ಮೂರನೆಯವರ ವಿವರ, ಕೊಡಲಾಗದು. ಹಾಗೆ ನೀವು ಹೈಕೋರ್ಟಿಗೆ ಹೋದಿರಿ. ಎಪ್ಪತ್ತು ಪುಟದ ರಿಟ್ ಅರ್ಜಿಯನ್ನು ನನ್ನ ಮೆಷಿನ್ನಿನಲ್ಲೇ ಪ್ರತಿ ಮಾಡಿ, ದಾರ ಹಾಕಿ ಕಟ್ಟಿದ್ದೆ.

ಮಣಿಪಾಲದ ಆಸ್ಪತ್ರೆಯಲ್ಲಿ ನಿಮ್ಮನ್ನು ಕೊನೆಯ ಸಲ ನೋಡಿದಾಗ, ಎದೆನೋವಿನ ಬಗ್ಗೆ ಕೇಳಿದರೆ ನೀವು ಕೇಸಿನ ಬಗ್ಗೆ ಹೇಳಿದಿರಿ. "ಹೆಸರು ತೆಗೆಸಲು ಕೊಟ್ಟ ಆ ಫಾರಂ ಒಮ್ಮೆ ಕಣ್ಣಿಂದ ನೋಡಬೇಕು ಜಯಂತಿ. ನಾನು ನೋಡದಿದ್ದರೆ ನೀನಾದರೂ..." ನರ್ಸ್ ಬಂದು ನನ್ನನ್ನು ಹೊರಗೆ ಕಳಿಸಿದರು. ವಾಕ್ಯ ಅಲ್ಲಿಗೇ ನಿಂತಿತು.

ನಿಮ್ಮ ಬೊಜ್ಜದ ಉತ್ತರಕ್ರಿಯೆ ಮುಗಿದ ವಾರದಲ್ಲೇ ಉಡುಪಿಯ ವಕೀಲರು ಕರೆದರು. ಅರ್ಜಿದಾರರು ತೀರಿಕೊಂಡರೆ ಕೇಸೂ ಮುಗಿದಂತೆ, ಬೇರೆಯವರು ಆ ಜಾಗಕ್ಕೆ ಬಂದರೆ ಮುಂದುವರಿಸಬಹುದು ಎಂದರು. ನನ್ನ ಹೆಸರು ಪಟ್ಟಿಯಲ್ಲಿ ಸರಿಯಾಗಿಯೇ ಇತ್ತು. ನನಗೇಕೆ ಬೇಕಿತ್ತು ಹೇಳಿ? ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಹೋಗಿ ಸಹಿ ಹಾಕಿದೆ. ಅದರ ಮರುದಿನ ಗುರುತಿಲ್ಲದ ಒಬ್ಬರು ಅಂಗಡಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಒಳ್ಳೆಯ ಮಾತು. ಪ್ರತಿ ಮಾಡಿಸಲು ಅವರ ಕೈಯಲ್ಲಿ ಏನೂ ಇರಲಿಲ್ಲ. "ಟೀಚರ್ ಪಾಪ, ಒಳ್ಳೆಯವರು. ಅವರು ಹೋದರು, ಅವರ ಕೇಸೂ ಹೋಗಲಿ ಅಲ್ವಾ?" ಎಂದರು. ನಾನು ಮೆಷಿನ್ನಿಗೆ ಹಾಳೆ ತುಂಬಿಸಿದೆ. "ನಿಮ್ಮ ಅಮ್ಮನಿಗೆ ಈಗ ಹುಷಾರುಂಟಾ?" ಎಂದು ಕೇಳಿ ಹೋದರು. ಅಮ್ಮನಿಗೆ ಹುಷಾರಿಲ್ಲದ್ದು ಅವರಿಗೆ ಹೇಗೆ ಗೊತ್ತು ಟೀಚರ್? ಮೆಷಿನ್ ಆಫ್ ಮಾಡಿ, ಮಧ್ಯಾಹ್ನವೇ ಶಟರ್ ಎಳೆದೆ.

ವಿಚಾರಣೆಯ ದಿನ ಹೈಕೋರ್ಟಿನ ಕಲಾಪ ವಿಡಿಯೋದಲ್ಲಿ ನೋಡಲು ವಕೀಲರ ಆಫೀಸಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದೆ. ಹತ್ತು ನಿಮಿಷವೂ ಹಿಡಿಯಲಿಲ್ಲ. ಹೆಸರು ಕಳೆದುಕೊಂಡವರಿಗೆ ಕಾರಣ ತಿಳಿಯುವ ಹಕ್ಕಿಲ್ಲವೇ ಎಂದು ನ್ಯಾಯಮೂರ್ತಿಗಳು ಕೇಳಿದರು. ಆಕ್ಷೇಪದ ಅರ್ಜಿಗಳ ಪ್ರತಿ ಕೊಡಬೇಕೆಂದು ಆದೇಶವಾಯಿತು. ನೀವು ಗೆದ್ದಿರಿ ಅಂದುಕೊಂಡೆ. ಬರುವಾಗ ಬಸ್ಸಿನಲ್ಲಿ ಒಬ್ಬಳೇ ನಗುತ್ತಿದ್ದೆ.

ಹದಿನೈದು ದಿನಕ್ಕೆ ಲಕೋಟೆ ಬಂತು. ವಕೀಲರು ಮೊದಲ ಹಾಳೆ ನೋಡಿದರು, ಎರಡನೆಯದು ನೋಡಿದರು, ಆಮೇಲೆ ಕಟ್ಟನ್ನೇ ನನ್ನ ಕಡೆ ತಳ್ಳಿದರು. "ಇದನ್ನು ನೀವೇ ಓದಿ" ಎಂದರು. ಹತ್ತೊಂಬತ್ತು ಅರ್ಜಿ. ಹತ್ತೊಂಬತ್ತರಲ್ಲೂ ಆಕ್ಷೇಪ ಹಾಕಿದವರ ಹೆಸರು ಒಂದೇ. ಸರೋಜಿನಿ, ನಿವೃತ್ತ ಶಿಕ್ಷಕಿ. ನಿಮ್ಮ ವಿಳಾಸ, ನಿಮ್ಮ ಗುರುತಿನ ಚೀಟಿಯ ಸಂಖ್ಯೆ.

ಕ್ಷಮಿಸಿ ಟೀಚರ್, ಒಂದು ಕ್ಷಣ ನಿಮ್ಮ ಮೇಲೇ ಸಂಶಯ ಬಂತು. ಆಮೇಲೆ ಸಹಿ ನೋಡಿದೆ. ಇಂಗ್ಲಿಷಿನಲ್ಲಿತ್ತು, ಉದ್ದ ಬಾಲ ಎಳೆದದ್ದು. ನನ್ನ ಮಾರ್ಕ್ಸ್ ಕಾರ್ಡಿನಿಂದ ರಿಟ್ ಅರ್ಜಿಯವರೆಗೆ ನೀವು ಕನ್ನಡ ಬಿಟ್ಟು ಸಹಿ ಹಾಕಿದ್ದನ್ನು ನಾನು ನೋಡಿಯೇ ಇಲ್ಲ. ಅಂದರೆ, ಕಚೇರಿಯ ಆ ಕುರ್ಚಿಯಲ್ಲಿ ಕುಳಿತು ನೀವು ಅಷ್ಟು ಮೆಲ್ಲಗೆ ಕೇಳುತ್ತಿದ್ದಾಗ, ಅವರು ನಿಮ್ಮಿಂದ ಮುಚ್ಚಿಟ್ಟದ್ದು ನಿಮ್ಮದೇ ಹೆಸರನ್ನು. ಇದನ್ನು ತಿಳಿಯದೆ ಹೋದಿರಲ್ಲ, ಅದು ಒಳ್ಳೆಯದಾಯಿತೋ ಏನೋ...

ಸುದ್ದಿ ನನಗಿಂತ ಮೊದಲು ಊರು ತಲುಪಿತ್ತು. ಮರುದಿನ ಗುಲಾಬಕ್ಕ ಖಾಲಿ ಬುಟ್ಟಿ ಕೆಳಗಿಟ್ಟು ಅಂಗಡಿಯ ಮೆಟ್ಟಿಲಲ್ಲಿ ಕುಳಿತರು. "ಟೀಚರ್ ನನ್ನ ಮನೆಯಲ್ಲಿ ಕೂತು ಚಾ ಕುಡಿದವರು. ನಾನು ಅವರಿಗೆ ಎಂತ ಮಾಡಿದ್ದೆ?" ಎಂದರು. ನಾನು ಫಾರಂನ ಸಹಿಯನ್ನೂ ರಿಟ್ ಅರ್ಜಿಯ ನಿಮ್ಮ ಸಹಿಯನ್ನೂ ಪಕ್ಕಪಕ್ಕ ಇಟ್ಟು ತೋರಿಸಿದೆ. ಅವರಿಗೆ ಓದಲು ಬರುವುದಿಲ್ಲ. ಬಹಳ ಹೊತ್ತು ನೋಡಿ, "ಇದು ಬೇರೆ ಕೈ" ಎಂದರು. "ನನಗೆ ಗೊತ್ತಾಯಿತು. ಉಳಿದವರಿಗೆ ಯಾರು ಹೇಳುವುದು?" ಎಂದು ಬುಟ್ಟಿ ಎತ್ತಿಕೊಂಡರು.

ಹೇಳಲು ಮನೆ ಮನೆಗೆ ಹೊರಟಿದ್ದೆ. ನಾಲ್ಕು ಮನೆ ಮುಗಿದಿತ್ತು. ಅಷ್ಟರಲ್ಲಿ, ನಿನ್ನೆ, ವಕೀಲರ ಫೋನ್ ಬಂತು. ಈಗ ಆಕ್ಷೇಪ ಬಂದ ಹೆಸರುಗಳನ್ನು ಅರ್ಜಿ ಕೊಟ್ಟವರ ವಿವರದೊಂದಿಗೆ ಪ್ರಕಟಿಸುತ್ತಾರೆ. ಕೋರ್ಟಿನ ಆದೇಶದಿಂದಲೇ ಆದದ್ದು. ಹೊಸ ಪಟ್ಟಿಯಲ್ಲಿ ಪಕ್ಕದ ಓಣಿಯ ಮೂವತ್ತೊಂದು ಜನರಿದ್ದಾರೆ. ಅಷ್ಟೂ ಜನರ ಮೇಲೆ ಆಕ್ಷೇಪ ಹಾಕಿದವಳು ಜಯಂತಿ, ಜೆರಾಕ್ಸ್ ಅಂಗಡಿ, ಕಾಪು.

ಇವತ್ತು ಬೆಳಿಗ್ಗೆಯಿಂದ ಅಂಗಡಿಗೆ ಒಬ್ಬರೂ ಬಂದಿಲ್ಲ. ಎದುರಿನ ಕಟ್ಟೆಯಲ್ಲಿ ನಾಲ್ಕೈದು ಜನ ನಿಂತು ಈ ಕಡೆಯೇ ನೋಡುತ್ತಿದ್ದಾರೆ. ಎಲ್ಲರೂ ನನಗೆ ಗೊತ್ತಿರುವವರೇ. ಈ ಕಾಗದ ಮಡಚಿಟ್ಟು, ರಸ್ತೆ ದಾಟಿ, ಮೊದಲು ಅವರ ಹತ್ತಿರ ಹೋಗುತ್ತೇನೆ ಟೀಚರ್.